ಸೂಟಿಗೆ ಒಂದು ಪುಸ್ತಕ ಹೇಳ್ರಿ

ದಸರಾ ಹತ್ತಿರ ಬಂತು ಅಂದ್ರೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಮೆಸೇಜು ಖಾಯಂ. ಒಂದು, ಯಾರು ಯಾವತ್ತಿನಿಂದ ಯಾವತ್ತಿನವರೆಗೆ ಲೀವು ಹಾಕ್ತೀರಿ, ಶೀಟಿನಲ್ಲಿ ತುಂಬ್ರಿ ಅನ್ನೋದು. ಎರಡನೆಯದು ನನ್ನ ಹೆಸರಿಗೆ: "ಸರ, ಸೂಟಿಗೆ ಓದಾಕ ಛಲೋ ಪುಸ್ತಕ ಹೇಳ್ರಿ."

ನಮ್ಮ ಟೀಮಿನಲ್ಲಿ ನಾನು ಪುಸ್ತಕದಾಂವ. ಒಬ್ಬ ಕ್ರಿಕೆಟ್ಟಿನಾಂವ, ಒಬ್ಬ ಶೇರು ಮಾರ್ಕೆಟ್ಟಿನಾಂವ ಇದ್ದ ಹಾಗೆ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ, ನಡುವೆ ಚಿಗರಿ ಬಸ್ಸು. ಸೀಟು ಸಿಕ್ಕರೆ ಓದ್ತೀನಿ, ಸಿಗದಿದ್ದರೆ ನಿಂತುಕೊಂಡೇ ನಾಲ್ಕು ಪುಟ. ಕೈಯಲ್ಲಿ ಕನ್ನಡ ಪುಸ್ತಕ ಹಿಡಿದ ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಜನ ಒಂದು ಸಲ ತಿರುಗಿ ನೋಡ್ತಾರೆ. ಆ ನೋಟ ನನಗೆ ಇಷ್ಟ ಆಗ್ತಿತ್ತು ಅನ್ನೋದನ್ನ ಮೊದಲೇ ಒಪ್ಪಿಕೊಂಡು ಬಿಡ್ತೀನಿ. ಯಾಕಂದ್ರೆ ಈ ಬರಹ ಪೂರ್ತಿ ಒಪ್ಪಿಕೊಳ್ಳೋದರ ಬಗ್ಗೆಯೇ ಇದೆ.

ನನ್ನ ಫೋನಿನ ನೋಟ್ಸ್‌ನಲ್ಲಿ ಒಂದು ಪಟ್ಟಿ ಇತ್ತು, 'ಓದಲೇಬೇಕಾದ ಹತ್ತು ಪುಸ್ತಕ' ಅಂತ. ಯಾರೇ ಕೇಳಲಿ, ಕಾಪಿ, ಪೇಸ್ಟು, ಕೆಳಗೊಂದು ನಗುಮುಖ. ವರ್ಷಗಟ್ಟಲೆ ಹೀಗೇ ನಡೀತು. ಕೇಳಿದವರಿಗೂ ಖುಷಿ, ನನಗೂ ಖುಷಿ.

ಆ ಪಟ್ಟಿಯನ್ನ ಈಗ ಅಳಿಸಿದ್ದೀನಿ. ಯಾಕೆ ಅಂತ ಹೇಳ್ತೀನಿ.

*

ಮೂರು ವರ್ಷದ ಹಿಂದಿನ ಮಾತು. ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ಮಾಡುವ ಹುಡುಗಿಯೊಬ್ಬಳಿದ್ದಾಳೆ, ಗದಗ ಕಡೆಯವಳು. ಅವಳ ಅಪ್ಪನಿಗೆ ಲಕ್ವಾ ಹೊಡೆದು ಆಸ್ಪತ್ರೆಗೆ ಸೇರಿಸಿದ್ದರು. ಎರಡು ವಾರ ಲೀವು ಹಾಕಿ ಹೋಗುವಾಗ ನನಗೊಂದು ಮೆಸೇಜು ಹಾಕಿದಳು: "ಸರ, ರಾತ್ರಿ ವಾರ್ಡಿನ್ಯಾಗ ನಿದ್ದಿ ಬರೂದಿಲ್ರಿ. ಫೋನ್ ನೋಡಿ ನೋಡಿ ತಲಿ ಹಿಡಿತೈತಿ. ಏನರ ಓದಾಕ ಹೇಳ್ರಿ."

ನಾನು ಆಗ ಒಂದು ಕಾಲ್‌ನಲ್ಲಿದ್ದೆ. ಹತ್ತು ಸೆಕೆಂಡು ಸಹ ತಗೊಳ್ಳಲಿಲ್ಲ. ಪಟ್ಟಿ ಪೇಸ್ಟ್ ಮಾಡಿದೆ. ನಗುಮುಖ ಮಾತ್ರ ಹಾಕಲಿಲ್ಲ, ಅಷ್ಟು ಬುದ್ಧಿ ಇತ್ತು.

ಪಟ್ಟಿಯ ಮೊದಲ ಹೆಸರು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರ ಕಾದಂಬರಿ, ಏಳುನೂರು ಪುಟದ ಆಸುಪಾಸು. ಕನ್ನಡದ ಯಾವ ದೊಡ್ಡ ಪಟ್ಟಿಯಲ್ಲಾದರೂ ಅದು ಇದ್ದೇ ಇರುತ್ತದೆ. ಅದಕ್ಕೇ ನನ್ನ ಪಟ್ಟಿಯಲ್ಲೂ ಇತ್ತು. ನಾನು ಅದನ್ನ ನೂರೈವತ್ತು ಪುಟ ಓದಿ, ಪಾತ್ರಗಳ ಹೆಸರು ಗೊಂದಲ ಆಗಿ, ಬುಕ್‌ಮಾರ್ಕ್ ಇಟ್ಟು, ಆ ಬುಕ್‌ಮಾರ್ಕ್ ಸಹಿತ ಕಪಾಟಿನಲ್ಲಿ ಇಟ್ಟು ನಾಲ್ಕು ವರ್ಷ ಆಗಿತ್ತು.

ಅವಳ ಅಪ್ಪ ಹನ್ನೆರಡನೇ ದಿನ ತೀರಿಕೊಂಡರು. ಅವಳು ವಾಪಸ್ ಬಂದದ್ದು ಒಂದು ತಿಂಗಳ ನಂತರ. ಒಂದು ಸಂಜೆ ಆಫೀಸಿನ ಕೆಳಗಿನ ಅಂಗಡಿಯಲ್ಲಿ ಚಹಾ ಕುಡೀತಾ ನಿಂತಿದ್ದೆವು. ಅವಳೇ ಮಾತು ತೆಗೆದಳು.

"ಸರ, ನೀವು ಹೇಳಿದ ಪುಸ್ತಕ ಮುಗಸಿದ್ನಿರಿ. ಅಪ್ಪ ಹ್ವಾದ ದಿನ ನನಗ ಅಳೂನ ಬರಲಿಲ್ಲ. ಎಲ್ಲಾರೂ ಅಳಾಕತ್ತಿದ್ರು, ನಾ ಕಲ್ಲಿನಂಗ ಕುಂತಿದ್ನಿ. ಮಂದಿ ಏನ್ ಅಂದ್ಕೊಂಡ್ರೋ ಏನೋ. ಆಮ್ಯಾಲೆ ಹದಿನೈದು ದಿನಕ್ಕ, ಆ ಹುಲಿಯ ಹೊಳ್ಯಾಗ ಹೋಗೂದು ಓದಿದಾಗ ಅತ್ತೆ ನೋಡ್ರಿ, ರಾತ್ರಿಯೆಲ್ಲಾ ಅತ್ತೆ. ನಿಮಗೂ ಹಂಗ ಆಗಿತ್ತೇನ್ರಿ ಸರ?"

ಹುಲಿಯ ಅಂದ್ರೆ ಆ ಕಾದಂಬರಿಯಲ್ಲಿ ಗುತ್ತಿಯ ನಾಯಿ. ನಾನು ಓದಿದ ನೂರೈವತ್ತು ಪುಟದಲ್ಲಿ ಅದು ಜೀವಂತ ಇತ್ತು, ಗುತ್ತಿಯ ಹಿಂದೆ ಹಿಂದೆ ಓಡಾಡ್ತಾ ಇತ್ತು. ಹೀಗಾಗಿ ನನ್ನ ಬಾಯಿಂದ ಬಂದ ಮಾತು: "ಹೌದಾ? ಹುಲಿಯ ಸಾಯ್ತೈತೇನು?"

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಟೆಸ್ಟಿಂಗ್ ಮಾಡುವವಳು, ಬಗ್ ಸಿಕ್ಕಿತು ಅಂದ್ರೆ ಅವಳಿಗೆ ಗೊತ್ತಾಗ್ತದೆ.

"ನೀವು ಓದಿಲ್ಲೇನ್ರಿ ಸರ?"

ನಾನು ಏನೋ ತಡವರಿಸಿದೆ. ಅವಳು, "ಹೋಗ್ಲಿ ಬಿಡ್ರಿ, ನನಗಂತೂ ಛಲೋನ ಆತು" ಅಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಆದರೆ ಅರ್ಧ ಚಹಾ ಹಾಗೇ ಬಿಟ್ಟು ಮೇಲೆ ಹೋದಳು.

*

ಅವತ್ತು ರಾತ್ರಿ ಮನೆಗೆ ಹೋಗಿ ನನ್ನ ಜೊತೆ ನಾನೇ ವಾದ ಹಾಕಿದೆ. ನನ್ನ ಪರ ವಕಾಲತ್ತು ಗಟ್ಟಿಯಾಗೇ ಇತ್ತು.

ಪುಸ್ತಕ ಒಳ್ಳೆಯದು. ಕನ್ನಡ ಓದುವ ಅರ್ಧ ನಾಡು ಅದನ್ನ ಒಪ್ಪುತ್ತದೆ. ಅವಳಿಗೆ ಅದು ಉಪಯೋಗಕ್ಕೂ ಬಂತು, ಅಪ್ಪನಿಗಾಗಿ ಬರದ ಅಳು ಒಂದು ನಾಯಿಯ ನೆಪದಲ್ಲಿ ಬಂತು. ಹಾಗಿದ್ದ ಮೇಲೆ ತಪ್ಪು ಎಲ್ಲಿ? ಫಲ ಒಳ್ಳೆಯದಾದರೆ ಸಾಕಲ್ಲ? ಊರಲ್ಲಿ ಯಾರಾದರೂ "ಸಿದ್ಧಾರೂಢರ ಮಠಕ್ಕೆ ಹೆಂಗ ಹೋಗ್ಬೇಕ್ರಿ?" ಅಂತ ಕೇಳಿದರೆ, ನಾನು ಒಂದು ಸಲವೂ ಹೋಗದಿದ್ದರೂ ದಾರಿ ಗೊತ್ತಿದ್ದರೆ ಹೇಳಬಹುದು. ಅದು ಸುಳ್ಳಾಗೋದಿಲ್ಲ.

ಆದರೆ ವಾದ ಅಲ್ಲಿಗೇ ನಿಲ್ಲಲಿಲ್ಲ. ಯಾಕಂದ್ರೆ ಪುಸ್ತಕ ಹೇಳೋದು ದಾರಿ ಹೇಳಿದ ಹಾಗೆ ಅಲ್ಲ. "ಇದನ್ನ ಓದು" ಅನ್ನುವಾಗ ನಾವು ಬಾಯಿಬಿಟ್ಟು ಹೇಳದೇ ಇರುವ ಎರಡು ಮಾತು ಅದರೊಳಗೆ ಇರ್ತಾವೆ. ಒಂದು, ನಾನು ಇದನ್ನ ಓದಿದ್ದೀನಿ, ಇದರೊಳಗೆ ಏನಿದೆ ಅಂತ ನನಗೆ ಗೊತ್ತು. ಇನ್ನೊಂದು, ನಿನ್ನನ್ನ ನೆನೆಸಿಕೊಂಡೆ, ಇದು ನಿನಗೆ ತಕ್ಕದ್ದು ಅನ್ನಿಸಿತು. ಕೇಳಿದವರು ಈ ಎರಡೂ ಮಾತನ್ನ ನಂಬಿಯೇ ತಮ್ಮ ಸೂಟಿಯ ಹತ್ತು ದಿನ ಕೊಡ್ತಾರೆ. ನಾನು ಎರಡರಲ್ಲೂ ಸುಳ್ಳು ಹೇಳಿದ್ದೆ. ಪುಸ್ತಕವನ್ನೂ ಓದಿರಲಿಲ್ಲ, ಅವಳನ್ನೂ ನೆನೆಸಿರಲಿಲ್ಲ. ಪುಸ್ತಕ ಕೈಹಿಡಿದದ್ದು ಕುವೆಂಪು ಅವರ ಪುಣ್ಯ, ನನ್ನದಲ್ಲ.

ನಮ್ಮ ಕಸುಬಿನಲ್ಲಿ ಇದಕ್ಕೆ ಸರಿಯಾದ ಹೋಲಿಕೆ ಇದೆ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ರಿವ್ಯೂ ಮಾಡಿ 'ಅಪ್ರೂವ್' ಒತ್ತಬೇಕು. ಶುಕ್ರವಾರ ಸಂಜೆ, ಎಂಟುನೂರು ಸಾಲಿನ ಬದಲಾವಣೆ, ಬರೆದವನು ಬುದ್ಧಿವಂತ, ಏನೂ ಆಗಲಿಕ್ಕಿಲ್ಲ ಅಂತ ಓದದೇ ಅಪ್ರೂವ್ ಒತ್ತಿದವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ, ಕೈ ಎತ್ತಿ. ಹತ್ತರಲ್ಲಿ ಒಂಬತ್ತು ಸಲ ಏನೂ ಆಗೋದಿಲ್ಲ. ಏನೂ ಆಗಲಿಲ್ಲ ಅಂತ ಆ ಒಂಬತ್ತು ಸಲ ನಾವು ಮಾಡಿದ್ದು ಸರಿ ಆಗ್ತದಾ? ಬರೆದವನು ರಾತ್ರಿ ನಿಶ್ಚಿಂತೆಯಿಂದ ಮಲಗೋದು, ತನ್ನ ಕೋಡನ್ನು ಇನ್ನೊಂದು ಜೋಡಿ ಕಣ್ಣು ನೋಡಿದೆ ಅನ್ನೋ ನಂಬಿಕೆಯ ಮೇಲೆ. ಆ ಕಣ್ಣು ಅಲ್ಲಿ ಇರಲೇ ಇಲ್ಲ.

ಆ ಹುಡುಗಿಯ ವಿಷಯದಲ್ಲೂ ನನ್ನನ್ನ ಚುಚ್ಚಿದ್ದು ಇದೇ. ರಾತ್ರಿ ವಾರ್ಡಿನಲ್ಲಿ ಮೊಬೈಲಿನ ಬೆಳಕಲ್ಲಿ ಓದುವಾಗ ಅವಳು ಅಂದುಕೊಂಡಿದ್ದಳು, ಈ ದಾರಿಯಲ್ಲಿ ಸರ್ ಮೊದಲೇ ನಡೆದು ಹೋಗಿದ್ದಾರೆ, ಈ ಪುಟದಲ್ಲಿ ಅವರೂ ನಿಂತಿದ್ದರು ಅಂತ. "ನಿಮಗೂ ಹಂಗ ಆಗಿತ್ತೇನ್ರಿ?" ಅನ್ನೋ ಪ್ರಶ್ನೆಯ ಅರ್ಥ ಅದು. ಅವಳಿಗೆ ಬೇಕಾಗಿದ್ದು ವಿಮರ್ಶೆ ಅಲ್ಲ, ಜೊತೆ. ಜೊತೆ ಇದೆ ಅಂದುಕೊಂಡು ನಡೆದ ದಾರಿಯಲ್ಲಿ ಯಾರೂ ಇರಲಿಲ್ಲ ಅಂತ ಆಮೇಲೆ ಗೊತ್ತಾಗೋದು ಸಣ್ಣ ಮೋಸ ಅಲ್ಲ.

*

ಇದೇ ಕೆಲಸವನ್ನ ಈಗ ಯಂತ್ರಗಳು ಮಾಡ್ತಾವೆ. ಬೆಂಗಳೂರಿನಲ್ಲಿದ್ದಾಗ ನಾನೂ ಒಂದು ಪ್ರಾಜೆಕ್ಟಿನಲ್ಲಿ ಅಂಥ ಕೋಡು ಬರೆದಿದ್ದೀನಿ. ಒಳಗಿನ ಲೆಕ್ಕ ಸರಳ. ನೀವು ಏನೇನು ಕೊಂಡಿರಿ ಅನ್ನೋದರ ಸಾಲು, ಇನ್ನೊಬ್ಬರು ಏನೇನು ಕೊಂಡರು ಅನ್ನೋದರ ಸಾಲು. ಎರಡು ಸಾಲು ಎಷ್ಟು ಹೊಂದುತ್ತವೆ ಅಂತ ಒಂದು ಸಂಖ್ಯೆ ತೆಗೆಯೋದು. ನಿಮ್ಮ ಸಾಲಿಗೆ ಹತ್ತಿರ ಇರುವವರು ಕೊಂಡು, ನೀವು ಇನ್ನೂ ಕೊಳ್ಳದೇ ಇರುವುದನ್ನ ನಿಮ್ಮ ಮುಂದೆ ಇಡೋದು. ನೀವು ಒತ್ತಿದರೆ ಯಂತ್ರ ಗೆದ್ದಿತು. ನೀವು ಅದನ್ನ ಓದಿದಿರಾ, ಅತ್ತಿರಾ, ಅರ್ಧಕ್ಕೆ ಬಿಟ್ಟಿರಾ ಅಂತ ಕೇಳುವ ಕಾಲಮ್ಮು ನಾವು ಬರೆದ ಟೇಬಲ್ಲಿನಲ್ಲಿ ಇರಲಿಲ್ಲ.

ಇದನ್ನ ಬೈಯೋದು ಸುಲಭ, ಬಹಳ ಜನ ಬೈತಾರೆ. ಆದರೆ ಒಂದು ಮಾತು ಒಪ್ಪಬೇಕು. ಯಂತ್ರ ತಾನು ಓದಿದ್ದೀನಿ ಅಂತ ಎಲ್ಲೂ ಹೇಳೋದಿಲ್ಲ. "ಇದನ್ನ ಕೊಂಡವರು ಇದನ್ನೂ ಕೊಂಡರು" ಅಂತ ಅಷ್ಟೇ ಹೇಳ್ತದೆ, ಅದು ನಿಜ. ನಾನು ಮಾಡಿದ್ದು ಏನು? ನಾಡಿನಲ್ಲಿ ಹೆಸರಾದ ಹತ್ತು ಪುಸ್ತಕ ಒಟ್ಟುಗೂಡಿಸಿ, ಕೇಳಿದವರು ಯಾರು ಅಂತ ನೋಡದೇ ಕಳಿಸೋದು. ಯಂತ್ರದ ಕೆಲಸವನ್ನೇ ಮಾಡಿ, ಮೇಲೆ ಮನುಷ್ಯನ ಮುಖವಾಡ ಹಾಕಿದ್ದೆ. ಯಂತ್ರದ್ದು ನನಗಿಂತ ಪ್ರಾಮಾಣಿಕ ಆಯ್ತು.

ಇನ್ನೂ ಒಂದು ಇದೆ. ಆ ಪಟ್ಟಿಯಲ್ಲಿ ಇಲ್ಲದ ಪುಸ್ತಕಗಳೇ ನನ್ನ ನಿಜವಾದ ಸೂಟಿಯ ಪುಸ್ತಕಗಳಾಗಿದ್ದವು. ಬೇಸಿಗೆ ಸೂಟಿಯಲ್ಲಿ ಅಜ್ಜಿಯ ಊರಿನ ಅಟ್ಟದ ಮೇಲೆ ಕುಂತು ಓದಿದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕತೆಗಳು. ಅಕ್ಕ ಲೈಬ್ರರಿಯಿಂದ ತಂದು ದಿಂಬಿನ ಕೆಳಗೆ ಇಡುತ್ತಿದ್ದ ಸಾಯಿಸುತೆ ಕಾದಂಬರಿಗಳನ್ನ ಕದ್ದು ಓದಿದ್ದೀನಿ. ಊಟಕ್ಕೆ ಕರೆದರೂ ಕೇಳಿಸದ ಹಾಗೆ ಓದಿದ್ದು ಅಂದ್ರೆ ಅವು. ಅವುಗಳ ಹೆಸರು ಯಾಕೆ ಹಾಕಲಿಲ್ಲ? ಹಾಕಿದರೆ ನನ್ನ ಮರ್ಯಾದೆ ಏನಾಗ್ತದೆ ಅಂತ. ಅಂದ್ರೆ ಆ ಪಟ್ಟಿ ಕೇಳಿದವರಿಗಾಗಿ ಇರಲೇ ಇಲ್ಲ. ಅದು ನನ್ನ ಫೋಟೋ ಆಗಿತ್ತು.

*

ಪುಸ್ತಕ ಹೇಳೋದು ಅಂದ್ರೆ ಏನು ಅಂತ ತಿಳಿಯೋದಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಜಾಗ ಬೇಕಾಗಿಲ್ಲ. ಗಳಗನಾಥರ ಕತೆ ನಮ್ಮ ಕಡೆ ಎಲ್ಲರೂ ಹೇಳ್ತಾರೆ. 1869ರಲ್ಲಿ ಹುಟ್ಟಿದವರು, ವೃತ್ತಿಯಿಂದ ಮಾಸ್ತರರು. ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ಆಮೇಲೆ ಆ ಪುಸ್ತಕದ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬಿಸಿಲಲ್ಲಿ ಗಂಟು ಹೊತ್ತು ಬಂದು "ಇದನ್ನ ಓದ್ರಿ" ಅನ್ನುವವರ ಮಾತಿಗೂ, ಎಸಿ ರೂಮಿನಲ್ಲಿ ಕೂತು ಪೇಸ್ಟ್ ಮಾಡುವವನ ಮಾತಿಗೂ ತೂಕದಲ್ಲಿ ವ್ಯತ್ಯಾಸ ಇರ್ತದೆ. ಅವರ ಶಿಫಾರಸಿನ ಭಾರ ಅವರ ಕುತ್ತಿಗೆಯ ಮೇಲೇ ಇತ್ತು.

ಧಾರವಾಡದ ಸುಭಾಸ ರಸ್ತೆಯ ಅಟ್ಟದ ಬಗ್ಗೆಯೂ ನೀವು ಕೇಳಿರ್ತೀರಿ. ಮನೋಹರ ಗ್ರಂಥಮಾಲೆ. ಜಡಭರತ ಅಂತ ಬರೆಯುತ್ತಿದ್ದ ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ್ದು. ಅದು ನಡೆದದ್ದು ಚಂದಾದಾರರ ನಂಬಿಕೆಯ ಮೇಲೆ. ಓದುಗರು ಮೊದಲೇ ದುಡ್ಡು ಕೊಡುತ್ತಿದ್ದರು, ಯಾವ ಪುಸ್ತಕ ಅಂತ ಆರಿಸುತ್ತಿದ್ದವರು ಅಟ್ಟದ ಮೇಲೆ ಕೂತವರು. ಈಗಿನ ಸಬ್‌ಸ್ಕ್ರಿಪ್ಷನ್ ಮಾಡೆಲ್ಲಿನ ಅಜ್ಜ ಅನ್ನಬಹುದು, ಆದರೆ ಒಂದು ವ್ಯತ್ಯಾಸ ಇದೆ: ಕಳಿಸಿದ ಪುಸ್ತಕ ಚೆನ್ನಾಗಿರದಿದ್ದರೆ ಚಂದಾದಾರ ನಾಳೆ ಸುಭಾಸ ರಸ್ತೆಯಲ್ಲೇ ಎದುರಾಗ್ತಾನೆ! 1961ರಲ್ಲಿ ಅವರು ಆಕ್ಸ್‌ಫರ್ಡಿಗೆ ಓದಲು ಹೋಗಿದ್ದ ಒಬ್ಬ ಹುಡುಗನ ಮೊದಲ ನಾಟಕವನ್ನ ಪ್ರಕಟಿಸಿದರು. ಹುಡುಗನ ಹೆಸರು ಗಿರೀಶ ಕಾರ್ನಾಡ, ನಾಟಕ 'ಯಯಾತಿ'. ಅವತ್ತು ಆ ಹೆಸರಿಗೆ ಯಾವ ರೇಟಿಂಗೂ ಇರಲಿಲ್ಲ. ಜೋಶಿಯವರು, ಅವರ ಜೊತೆಗಿದ್ದ ಕೀರ್ತಿನಾಥ ಕುರ್ತಕೋಟಿಯವರು ಹಸ್ತಪ್ರತಿ ಓದಿದ್ದರು, ನಂಬಿದ್ದರು, ತಮ್ಮ ಹೆಸರನ್ನ ಪಣಕ್ಕಿಟ್ಟರು. ನಾನು ಪಣಕ್ಕಿಟ್ಟದ್ದು ಹತ್ತು ಸೆಕೆಂಡು.

*

ಹಾಗಾದ್ರೆ ಪೂರ್ತಿ ಓದಿದ ಪುಸ್ತಕವನ್ನ ಮಾತ್ರ ಹೇಳಿದರೆ ಸಾಕು, ಸಮಸ್ಯೆ ಮುಗೀತು ಅಂತ ಅಂದುಕೊಂಡೆ. ಇಲ್ಲ, ಮುಗಿಯಲಿಲ್ಲ. ಇದು ಎರಡನೇ ತಪ್ಪು.

ನಮ್ಮೂರು ನವಲಗುಂದ ತಾಲೂಕಿನ ಒಂದು ಹಳ್ಳಿ, ಎರಿ ಹೊಲದ ನಾಡು. ನಾನು ಬಿಇ ಮುಗಿಸಿ ಬೆಂಗಳೂರಿಗೆ ಹೋದೆ, ಅಣ್ಣ ಹೊಲ ನೋಡಿಕೊಂಡು ಊರಲ್ಲೇ ಉಳಿದ. 2020ರಲ್ಲಿ ಕೊರೊನಾ ಬಂದು ನಾನು ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದಾಗ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದೆ, ಪೂರ್ತಿ ಓದಿದೆ. ಕರಾವಳಿಯ ಒಂದು ಮನೆತನದ ಮೂರು ತಲೆಮಾರು. ಕಡೆಗೆ ಮೊಮ್ಮಗ ರಾಮ ಪಟ್ಟಣಗಳನ್ನ ಸುತ್ತಿ ಸೋತು ಊರಿಗೆ ವಾಪಸ್ ಬರ್ತಾನೆ. ನಾನೇ ಆ ರಾಮ ಅನ್ನಿಸಿಬಿಟ್ಟಿತು. ಎದೆ ತುಂಬಿ ಬಂದು, ಆ ವರ್ಷ ದಸರಾಕ್ಕೆ ಪುಸ್ತಕವನ್ನ ಅಣ್ಣನ ಕೈಗೆ ಕೊಟ್ಟೆ. "ಓದಣ್ಣಾ, ನಮ್ಮ ಬಗ್ಗೇನ ಬರದಂಗ ಐತಿ."

ದಸರಾ ಅಂದ್ರೆ ನಮ್ಮ ಕಡೆ ಹಿಂಗಾರಿ ಬಿತ್ತಿಗೆಯ ಹೊತ್ತು. ಕಡಲಿ, ಜ್ವಾಳ, ಕುಸುಬಿ ಎಲ್ಲಾ ಹಸಿ ಇದ್ದಾಗಲೇ ಬಿತ್ತಬೇಕು. ಅಣ್ಣ ಹದಿನೈದು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಪುಸ್ತಕ ತಿರುಗಿಸಿ ಹಿಂದಿನ ಬದಿ ಓದಿದ. ಕತೆ ಏನು ಅಂತ ಕೇಳಿದ, ಹೇಳಿದೆ. ಸ್ವಲ್ಪ ಸುಮ್ಮನಿದ್ದು ಅಂದ:

"ಮರಳಿ ಬರಾಂವಗ ಮಣ್ಣು ಎಲ್ಲಿಂದ ಬಂತಪ? ಯಾರರ ಅಲ್ಲೇ ಉಳದಿದ್ದರಂತ ಬಂತು. ನಿನಗ ಸೂಟಿ ಐತಿ, ನೀ ಓದು. ನಾ ಅದನ್ನ ದಿನಾ ಓದಾಕತ್ತೀನಿ."

ಸಿಟ್ಟಿನಿಂದ ಹೇಳಲಿಲ್ಲ. ಎತ್ತಿಗೆ ನೀರು ಕುಡಿಸಲು ಎದ್ದು ಹೋದ.

ಆಮೇಲೆ ಆ ಪುಸ್ತಕ ಮತ್ತೆ ತೆಗೆದು ನೋಡಿದೆ. ರಾಮ ವಾಪಸ್ ಬಂದಾಗ ಅವನಿಗೆ ಮನೆ ಅಂತ ಒಂದು ಇತ್ತು ಅಂದ್ರೆ, ಅದಕ್ಕೆ ಕಾರಣ ಅವನ ತಾಯಿ ನಾಗವೇಣಿ, ಅವಳಿಗೂ ಮೊದಲು ಅದೇ ಮನೆಯಲ್ಲಿ ದುಡಿದು ಸವೆದ ಸರಸೋತಿಯಂಥ ಹೆಂಗಸರು. ನಾನು ಓದಿದ್ದು ಬಂದವನ ಕತೆ, ಅಣ್ಣ ಹೇಳಿದ್ದು ಉಳಿದವರ ಕತೆ. ಪುಸ್ತಕದಲ್ಲಿ ಎರಡೂ ಇದ್ದವು. ಓದದೇ ಇದ್ದವನು ನನಗಿಂತ ಚೆನ್ನಾಗಿ ಓದಿದ್ದ.

ನನ್ನ ತಪ್ಪು ಏನು ಅಂತ ಈಗ ಗೊತ್ತಾಗ್ತದೆ. ನಾನು ಅಣ್ಣನಿಗೆ ಪುಸ್ತಕ ಕೊಡಲಿಲ್ಲ, ನನ್ನ ಭಾವನೆಯನ್ನ ಕೊಟ್ಟು, ಅದನ್ನ ಹೊರು ಅಂದೆ. ಅವನ ಹೊತ್ತು, ದಣಿವು, ಮನಸ್ಸು ಯಾವುದನ್ನೂ ನೋಡಲಿಲ್ಲ. "ಇದು ನಿನಗೆ ಬೇಕು" ಅನ್ನೋ ಮಾತಿನೊಳಗೆ "ನಿನಗೆ ಏನು ಬೇಕು ಅಂತ ನಿನಗಿಂತ ನನಗೆ ಚೆನ್ನಾಗಿ ಗೊತ್ತು" ಅನ್ನೋ ಹಮ್ಮು ಅಡಗಿರ್ತದೆ. ಸೂಟಿಯ ಪುಸ್ತಕ ಅಂತ ನಾವು ಎಷ್ಟು ಸಲೀಸಾಗಿ ಮಾತಾಡ್ತೀವಿ. ಆ ಸೂಟಿ ಯಾರಿಗಿದೆ, ಯಾರಿಗಿಲ್ಲ ಅನ್ನೋದೂ ಅದರ ಭಾಗವೇ.

*

ಇಷ್ಟೆಲ್ಲಾ ಯೋಚಿಸಿದ ಮೇಲೆ ಕೆಲವು ದಿನ ಪುಸ್ತಕ ಹೇಳೋದನ್ನೇ ಬಿಟ್ಟಿದ್ದೆ. ಯಾರಾದರೂ ಕೇಳಿದರೆ, "ನಿಮಗ ಯಾವುದು ಬೇಕೋ ಅದನ್ನ ಓದ್ರಿ" ಅಂತಿದ್ದೆ. ವಿನಯದ ಹಾಗೆ ಕಾಣ್ತದೆ. ಆದರೆ ಅದೂ ಒಂದು ತರಹದ ಜಿಪುಣತನ ಅಂತ ಆಮೇಲೆ ಅನ್ನಿಸಿತು. ಯಾಕಂದ್ರೆ ನಾನು ಪುಸ್ತಕದಾಂವ ಆದದ್ದೇ ಒಬ್ಬರು ಬಾಯಿಬಿಟ್ಟು ಹೇಳಿದ್ದಕ್ಕೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆ. ನಮ್ಮ ಹೈಸ್ಕೂಲಿನ ಕನ್ನಡ ಮಾಸ್ತರು ಒಂದು ಸಣ್ಣ ಪುಸ್ತಕ ಕೈಗಿಟ್ಟರು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ', 1980ರದ್ದು. "ಇದು ಶ್ರೇಷ್ಠ ಕೃತಿ, ಓದು" ಅಂತ ಹೇಳಲಿಲ್ಲ. ಅವರು ಹೇಳಿದ್ದು ಹೀಗೆ: "ಕಾಡಿನ್ಯಾಗ ಒಂದು ಹಾರೂ ಓತಿ ಹುಡುಕ್ಕೊಂತ ಹೋಗ್ತಾರ. ಕಡೀಕ ಏನ್ ಆತು ಅಂತ ನಾ ಎರಡು ಸಲ ಓದೀನಿ, ಪೂರ್ತಿ ತಿಳೀಲಿಲ್ಲ. ನೀ ಓದಿ ನನಗ ಹೇಳು."

ಮಾಸ್ತರಿಗೇ ತಿಳಿಯದ್ದನ್ನ ನಾನು ಹೇಳಬೇಕು! ಒಂದೇ ದಿನದಲ್ಲಿ ಓದಿ ಮುಗಿಸಿದೆ. ನನಗೂ ತಿಳಿಯಲಿಲ್ಲ. ಮತ್ತೆ ಓದಿದೆ. ಮಾಸ್ತರ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ಇಬ್ಬರೂ ಎರಡು ತಾಸು ಮಾತಾಡಿದೆವು. ಹದಿನಾರು ವರ್ಷದ ಹುಡುಗನನ್ನ ಒಬ್ಬ ದೊಡ್ಡ ಮನುಷ್ಯರು ಸರೀಕನ ಹಾಗೆ ಕೂಡಿಸಿಕೊಂಡು ಮಾತಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಈಗ ನೋಡಿದರೆ ಅವರು ಮಾಡಿದ್ದು ಎಷ್ಟು ಸರಳ ಅನ್ನಿಸ್ತದೆ. ತಾವು ಓದಿದ್ದರು. ಎಷ್ಟು ತಿಳಿದಿದೆ, ಎಷ್ಟು ತಿಳಿದಿಲ್ಲ ಅಂತ ನಿಜ ಹೇಳಿದರು. ನನಗೆ ಸೂಟಿ ಇದೆ, ಈ ಹುಡುಗ ಓತಿಕ್ಯಾತದ ಹಿಂದೆ ಅಡ್ಡಾಡುವವನು ಅಂತ ನೋಡಿದ್ದರು. ಕೊಟ್ಟ ಮೇಲೆ ಮರೆಯಲಿಲ್ಲ, ಮಾತಾಡಲು ಜಾಗ ಇಟ್ಟಿದ್ದರು. ಓದದಿದ್ದರೂ ನಾನು ಸಣ್ಣವನಾಗುತ್ತಿರಲಿಲ್ಲ, ಯಾಕಂದ್ರೆ ಅವರು ಕೇಳಿದ್ದು ಸಹಾಯ, ಒಪ್ಪಿಸಿದ್ದು ಪಾಠ ಅಲ್ಲ.

*

ಅದಕ್ಕೇ ಈಗ ಪಟ್ಟಿ ಇಲ್ಲ. ಆದರೆ ನೀವು ಇಷ್ಟು ದೂರ ಓದಿದ್ದೀರಿ, ಬರಿಗೈಯಲ್ಲಿ ಕಳಿಸಿದರೆ ನಮ್ಮ ಕಡೆಯ ಪದ್ಧತಿ ಅಲ್ಲ. ಒಂದೊಂದರ ಜೊತೆ ಶರತ್ತು ಹಾಕಿ ಹೇಳ್ತೀನಿ. ಎಲ್ಲವನ್ನೂ ಕಡೆಯ ಪುಟದವರೆಗೆ ಓದಿದ್ದೀನಿ.

'ಕರ್ವಾಲೊ': ಕಾಲೇಜು ಬಿಟ್ಟ ಮೇಲೆ ಕನ್ನಡ ಪುಸ್ತಕ ಮುಟ್ಟಿಯೇ ಇಲ್ಲ ಅನ್ನುವವರಿಗೆ. ಹುಬ್ಬಳ್ಳಿ-ಬೆಂಗಳೂರು ರೈಲಿನ ಒಂದು ಹಗಲು ಪ್ರಯಾಣಕ್ಕೆ ಸಾಕು. ನಗಸ್ತದೆ, ಆಮೇಲೆ ಸುಮ್ಮನೆ ಕೂಡಿಸ್ತದೆ.

ಯಶವಂತ ಚಿತ್ತಾಲರ 'ಶಿಕಾರಿ', 1979: ಮುಂಬೈಯ ದೊಡ್ಡ ಕಂಪನಿಯಲ್ಲಿ ಅಮಾನತಾದ ಅಧಿಕಾರಿ ನಾಗಪ್ಪನ ಕತೆ. ನಮ್ಮ ಅಪ್ರೈಸಲ್ಲು, ಎಚ್ಆರ್ ಮೇಲು, ಮೀಟಿಂಗಿನ ಪಿಸುಮಾತು ಎಲ್ಲವೂ ಆಗಲೇ ಅಲ್ಲಿದೆ. ಕೆಲಸ ಗಟ್ಟಿ ಇರುವವರು ಓದಬೇಕು. ಹೋದ ವಾರ ಕೆಲಸ ಕಳಕೊಂಡವರಿಗೆ ಮಾತ್ರ ಇದನ್ನ ಕೊಡಬೇಡಿ. ಒಳ್ಳೆಯ ಔಷಧಕ್ಕೂ ಹೊತ್ತು ಇರ್ತದೆ.

ವಿವೇಕ ಶಾನಭಾಗರ 'ಘಾಚರ್ ಘೋಚರ್', 2013: ಮನೆಗೆ ದಿಢೀರ್ ಅಂತ ದುಡ್ಡು ಬಂದ ಮೇಲೆ ಏನಾಗ್ತದೆ ಅನ್ನೋದು. ಮೊದಲ ತಲೆಮಾರಿನ ಸಂಬಳದವರು, ಅಂದ್ರೆ ನಮ್ಮಂಥವರು, ಓದಲೇಬೇಕು ಅಂತ ಅನ್ನಿಸ್ತದೆ. ಹೊಸದಾಗಿ ಮದುವೆಯಾಗಿ ಕೂಡು ಮನೆಗೆ ಹೋದವರು ಒಂದು ವರ್ಷ ತಡೆಯಿರಿ.

ಕಾರ್ನಾಡರ 'ಆಡಾಡತ ಆಯುಷ್ಯ', 2011: ಧಾರವಾಡದಲ್ಲಿ ಓದಿ ಹೋಗಿ ಈಗ ದೂರದ ಊರಲ್ಲಿ ಇರುವವರಿಗೆ. ಮನೆ ನೆನಪಾಗಿ ಪೇಡೆ ತರಿಸಿಕೊಳ್ಳಬೇಕಾದೀತು, ಖರ್ಚಿಗೆ ನಾನು ಹೊಣೆ ಅಲ್ಲ.

'ಮರಳಿ ಮಣ್ಣಿಗೆ': ಊರು ಬಿಟ್ಟವರಿಗೆ. ಊರಲ್ಲಿ ಉಳಿದವರಿಗೆ ಕೊಡುವ ಮೊದಲು ಹೊಲದಲ್ಲಿ ಒಂದು ದಿನ ಅವರ ಜೊತೆ ಕೆಲಸ ಮಾಡಿ, ಆಮೇಲೂ ಕೊಡಬೇಕು ಅನ್ನಿಸಿದರೆ ಕೊಡಿ.

ಇನ್ನು ಪತ್ತೇದಾರ ಪುರುಷೋತ್ತಮ: ಜ್ವರ ಬಂದು ಮಲಗಿದವರಿಗೆ. ನಾಚಿಕೆ ಬೇಡ.

*

'ಮಲೆಗಳಲ್ಲಿ ಮದುಮಗಳು' ಎಲ್ಲಿ ಅಂತ ಕೇಳ್ತೀರಿ. ಆ ಚಹಾದ ಸಂಜೆ ಆದ ಮೇಲೆ ಬಂದ ದೀಪಾವಳಿ ಸೂಟಿಯಲ್ಲಿ ಬುಕ್‌ಮಾರ್ಕ್ ತೆಗೆದು ಮೊದಲ ಪುಟದಿಂದ ಮತ್ತೆ ಶುರು ಮಾಡಿದೆ. ಓದಿ ಮುಗಿಸಲು ಹನ್ನೊಂದು ದಿನ ಬೇಕಾಯಿತು. ಪಾತ್ರಗಳ ಹೆಸರು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ, ಡೇಟಾಬೇಸಿನ ಸ್ಕೀಮಾ ಬರೆದ ಹಾಗೆ. ತುಂಗೆಯ ನೆರೆ ಬರುವ ಹೊತ್ತಿಗೆ ಏನಾಗ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು. ಅವಳೇ ಹೇಳಿದ್ದಳಲ್ಲ. ಈಗ ಮುಂದೆ ನಡೆದು ಹೋದವಳು ಅವಳು, ಹಿಂದೆ ಬರುತ್ತಿದ್ದವನು ನಾನು. ನನಗೆ ಆ ಪುಸ್ತಕ ಹೇಳಿದವರು ಅವಳು ಅಂತಲೇ ಈಗ ಲೆಕ್ಕ.

ಸೂಟಿ ಮುಗಿಸಿ ಬಂದ ಮೊದಲ ದಿನ ಅವಳ ಡೆಸ್ಕಿನ ಹತ್ತಿರ ಹೋಗಿ ಹೇಳಿದೆ: "ನಾ ಅವತ್ತು ಸುಳ್ಳು ಪಟ್ಟಿ ಕಳಸಿದ್ನಿ, ತಪ್ಪಾತು. ಈಗ ಓದೀನಿ."

ಅವಳು ಮಾನಿಟರಿನಿಂದ ಕಣ್ಣು ತೆಗೆಯದೇ ಕೇಳಿದಳು, "ಪೂರ್ತಿ?"

"ಪೂರ್ತಿ."

"ಹಂಗಾರ ಈಗ ಹೇಳ್ರಿ ಸರ. ಹುಲಿಯ ಹ್ವಾದಾಗ ಅಳು ಬಂತೇನು?"

ಬಂತು ಅಂತ ಹೇಳಿದರೆ ಅವಳಿಗೆ ಖುಷಿ ಆಗುತ್ತಿತ್ತು. ಆದರೆ ಮತ್ತೆ ಅದೇ ಆಟ ಬೇಡ ಅನ್ನಿಸಿತು. "ಇಲ್ಲ, ಅಲ್ಲಿ ಬರಲಿಲ್ಲ. ನನಗ ಬ್ಯಾರೆ ಕಡೆ ಬಂತು" ಅಂದೆ.

ಅವಳು ತಿರುಗಿ ನೋಡಿದಳು. "ಎಲ್ಲಿ?" ಅಂದಳು.

ಕೆಳಗಿನ ಅಂಗಡಿಗೆ ಹೋಗಿ ಎರಡು ಚಹಾ ಹೇಳಿದೆವು.